ಒಡಲೊಳಗಿನ ಗಡ್ಡೆ: ಹೆಸರು, ನೋಟ ಮತ್ತು ಚಿಕಿತ್ಸೆಯ ಚರಿತ್ರೆ

ಮಲದೊಂದಿಗೆ ರಕ್ತ ಕಾಣಿಸಿಕೊಂಡಾಗ, ಕನ್ನಡನಾಡಿನ ಇತರೆಡೆಗಳಂತೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ಸೀಮೆಯಲ್ಲಿಯೂ ಅದಕ್ಕೆ ಮೊದಲು ಸಲ್ಲುವ ಹೆಸರು ಮೂಲವ್ಯಾಧಿ ಅಥವಾ ಮೊಳೆರೋಗ. ಈ ಹೆಸರಿನ ಬೆನ್ನಿಗೇ ಕಾರಣವೂ ಪಥ್ಯವೂ ಬರುತ್ತವೆ: ಉಷ್ಣ ಹೆಚ್ಚಿದೆ, ಖಾರ ಬಿಡಬೇಕು, ಮಜ್ಜಿಗೆ ಕುಡಿಯಬೇಕು, ನಾಟಿ ಔಷಧಿ ತರಬೇಕು. ಅನೇಕ ಪ್ರಸಂಗಗಳಲ್ಲಿ ಈ ಊಹೆ ಸರಿಯೇ ಆಗಿರುತ್ತದೆ. ಆದರೆ ದೊಡ್ಡ ಕರುಳಿನ ಗಡ್ಡೆಯ ಮೊದಲ ಸೂಚನೆಯೂ ಇದೇ ರಕ್ತವಾಗಿರಬಲ್ಲದು. ರೋಗದ ಹೆಸರು ಚಿಕಿತ್ಸೆಯ ದಾರಿಯನ್ನು ನಿರ್ಧರಿಸುವುದರಿಂದ ಈ ಹೆಸರಿನ ಚರಿತ್ರೆಯನ್ನು ಪರಿಶೀಲಿಸುವುದು ಅಗತ್ಯ.

ಪ್ರಾಚೀನ ವೈದ್ಯಶಾಸ್ತ್ರವು ಇವೆರಡನ್ನು ಬೆರೆಸಿರಲಿಲ್ಲ. ಸುಶ್ರುತ ಸಂಹಿತೆಯು ಅರ್ಶಸ್ಸು ಮತ್ತು ಅರ್ಬುದಗಳನ್ನು ಬೇರೆ ಬೇರೆ ವ್ಯಾಧಿಗಳೆಂದು ವಿವರಿಸುತ್ತದೆ. ಗುದದೊಳಗನ್ನು ನೋಡಲು ಹಸುವಿನ ಮೊಲೆಯಾಕಾರದ, ನಾಲ್ಕು ಅಂಗುಲ ಉದ್ದದ ಅರ್ಶೋಯಂತ್ರವನ್ನೂ ಅದು ಹೇಳುತ್ತದೆ. ನೋಡುವುದಕ್ಕೆ ಎರಡು ರಂಧ್ರಗಳುಳ್ಳದ್ದು, ಶಸ್ತ್ರಕ್ರಿಯೆಗೆ ಒಂದೇ ರಂಧ್ರವುಳ್ಳದ್ದು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ದ ಮೂಲಕ ವೈದ್ಯಶಾಸ್ತ್ರವನ್ನು ಕನ್ನಡಕ್ಕೆ ತಂದನು. ಆದರೆ ವೈದ್ಯನ ನೋಟ ನಾಲ್ಕು ಅಂಗುಲದಾಚೆಗೆ ಸಾಗುವ ಉಪಾಯ ಆ ಕಾಲದಲ್ಲಿ ಇರಲಿಲ್ಲ. ಕಣ್ಣಿಗೆ ಕಾಣುವ ಮೊಳೆಯ ಹೆಸರೇ ಕಾಣದ ಗಡ್ಡೆಗೂ ಅಂಟಿಕೊಂಡಿತು.

ಈ ಮಿತಿಯನ್ನು ಮೀರಿದ್ದು ಆಧುನಿಕ ಯುಗ. 1806ರಲ್ಲಿ ಜರ್ಮನಿಯ ಫಿಲಿಪ್ ಬೊಜ್ಜಿನಿ ಮೇಣದಬತ್ತಿಯ ಬೆಳಕನ್ನು ದೇಹದೊಳಕ್ಕೆ ಹಾಯಿಸುವ ಸಾಧನವನ್ನು ರೂಪಿಸಿದನು. 1954ರಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಮತ್ತು ಪಂಜಾಬಿನ ನರಿಂದರ್ ಸಿಂಗ್ ಕಪಾನಿ ಬಾಗುವ ಗಾಜಿನ ಎಳೆಗಳ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. 1969ರಲ್ಲಿ ನ್ಯೂಯಾರ್ಕ್‌ನಲ್ಲಿ ಹಿರೋಮಿ ಶಿನ್ಯ ಮತ್ತು ವಿಲಿಯಂ ವೂಲ್ಫ್ ಕೊಲೊನೊಸ್ಕೋಪ್ ಮೂಲಕ ತಂತಿಯ ಕುಣಿಕೆ ಹಾಯಿಸಿ, ಹೊಟ್ಟೆ ಕೊಯ್ಯದೆಯೇ ಕರುಳಿನ ಪಾಲಿಪ್ ತೆಗೆಯುವ ಕ್ರಮವನ್ನು ಆರಂಭಿಸಿದರು.

ತೊಟ್ಟಿನ ಮೇಲೆ ನಿಂತ ಗಡ್ಡೆಗೆ ಕುಣಿಕೆ ಸಾಕು. ಚಪ್ಪಟೆಯಾಗಿ ಹರಡಿದ ಗಡ್ಡೆಯು ಕರುಳಿನ ಮಡಿಕೆಯ ಹಿಂದೆ, ಪಿತ್ತಜನಕಾಂಗ ಅಥವಾ ಗುಲ್ಮದ ಬಳಿಯ ತಿರುವಿನಲ್ಲಿ, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕವಾಟದಲ್ಲಿ, ಅಪೆಂಡಿಕ್ಸ್‌ನ ಬಾಯಿಯಲ್ಲಿ ಇಲ್ಲವೆ ಗುದದ್ವಾರದ ಅಂಚಿನಲ್ಲಿ ಇದ್ದರೆ ಕೆಲಸ ಕಠಿಣವಾಗುತ್ತದೆ. ಅಲ್ಲಿ ಉಪಕರಣ ಸ್ಥಿರವಾಗಿ ನಿಲ್ಲದು. ಕೆಲವೇ ಮಿಲಿಮೀಟರ್ ದಪ್ಪದ ಕರುಳಗೋಡೆ ತೂತಾಗುವ ಭಯವಿರುತ್ತದೆ. ಆದುದರಿಂದ ಒಳಪೊರೆಯ ಕೆಳಗೆ ದ್ರವವನ್ನು ಚುಚ್ಚಿ, ಗಡ್ಡೆಯನ್ನು ಮೇಲೆತ್ತಿ ಕತ್ತರಿಸುವ ಕ್ರಮ ರೂಢಿಗೆ ಬಂದಿತು. ಪೊರೆಯನ್ನು ಸುತ್ತಲೂ ಸೀಳಿ ಗಡ್ಡೆಯನ್ನು ಇಡಿಯಾಗಿ ಬಿಡಿಸುವ ವಿಧಾನ ಜಪಾನಿನಲ್ಲಿ ಬೆಳೆದು, ದೊಡ್ಡ ಕರುಳಿನ ಚಿಕಿತ್ಸೆಗಾಗಿ 2012ರಲ್ಲಿ ಅಲ್ಲಿನ ಆರೋಗ್ಯ ವಿಮೆಯ ವ್ಯಾಪ್ತಿಗೆ ಸೇರಿತು. ಆದರೆ ಗಡ್ಡೆ ಆಳಕ್ಕೆ ಇಳಿದಿದ್ದರೆ ಈ ಯಾವ ವಿಧಾನವೂ ಸಾಲದು; ಶಸ್ತ್ರಚಿಕಿತ್ಸೆ ಅನಿವಾರ್ಯವಾಗುತ್ತದೆ.

ಇಲ್ಲಿಯೇ ಈ ಸೀಮೆಯ ಚರಿತ್ರೆ ಮುಖ್ಯವಾಗುತ್ತದೆ. 1953ರವರೆಗೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಈ ಭಾಗಕ್ಕೆ ಸಮೀಪದ ವೈದ್ಯಕೀಯ ಕಾಲೇಜುಗಳು ದೊರೆತದ್ದು ತಡವಾಗಿ: ಹುಬ್ಬಳ್ಳಿಯಲ್ಲಿ 1957, ಬಳ್ಳಾರಿಯಲ್ಲಿ 1961, ದಾವಣಗೆರೆಯಲ್ಲಿ 1965. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಆರಂಭವಾದುದು 1973ರಲ್ಲಿ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರು ಮೂರು ಬಾರಿ ಬದಲಾಯಿತು. ರೋಗದ ಹೆಸರು ಹಾಗೆಯೇ ಉಳಿಯಿತು.

ಕೊಟ್ಟೂರು ಬಸವೇಶ್ವರನಿಗೋ ಉಚ್ಚಂಗೆಮ್ಮನಿಗೋ ಮೈಲಾರಲಿಂಗನಿಗೋ ಹರಕೆ ಹೊರುವ ಜನರ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಉಚಿತವಲ್ಲ. ಹರಕೆ ಧೈರ್ಯ ಕೊಡುತ್ತದೆ, ಪಥ್ಯ ಶಿಸ್ತು ಕೊಡುತ್ತದೆ. ಇವೆರಡೂ ವೈದ್ಯರಲ್ಲಿಗೆ ಹೋಗುವುದನ್ನು ತಡೆಯುವುದಿಲ್ಲ. ತಡೆಯುವುದು, ರೋಗ ಯಾವುದೆಂದು ಆಗಲೇ ತಿಳಿದಿದೆ ಎಂಬ ಭಾವನೆ. ಮೂಲವ್ಯಾಧಿ ಎಂಬುದು ಪರೀಕ್ಷೆಯ ನಂತರ ದೊರೆಯಬೇಕಾದ ಹೆಸರು. ಪರೀಕ್ಷೆಗೆ ಮೊದಲೇ ಅದು ದೊರೆತರೆ, ಕುಣಿಕೆಯಿಂದ ತೆಗೆಯಬಹುದಾಗಿದ್ದ ಗಡ್ಡೆ ಹೊಟ್ಟೆ ಕೊಯ್ಯುವ ಹಂತಕ್ಕೆ ಬೆಳೆಯುತ್ತದೆ.