ಬಡ್ಡಿ ಇಲ್ಲ, ಬಾಡಿಗೆ ಇಲ್ಲ: ಭೋಗ್ಯದ ಮನೆಯ 900 ವರ್ಷದ ಕಥೆ

ಇವತ್ತಿನ ಕಂತಿನಲ್ಲಿ ಒಂದು ಹಳೆಯ ಪದದ ಇತಿಹಾಸ ಕೇಳೋಣ: ಭೋಗ್ಯ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಎಂಬಿಬಿಎಸ್ ಮುಗಿಸಿದವರು ಎಂಡಿ ಮಾಡೋಕೆ ಬಳ್ಳಾರಿಗೋ ದಾವಣಗೆರೆಗೋ ಹೋದರೆ, ಮೂರು ವರ್ಷದ ರೆಸಿಡೆನ್ಸಿ. ಕೈಗೆ ಬರೋದು ಸ್ಟೈಪೆಂಡ್. ಹಾಸ್ಟೆಲ್ ಬೇಡ ಅಂದ್ರೆ ಮೂರು ದಾರಿ: ಬಾಡಿಗೆ, ಹೋಮ್ ಲೋನ್, ಇಲ್ಲವೇ ಭೋಗ್ಯ. ಭೋಗ್ಯ ಅಂದ್ರೆ ಈಗ ಎಲ್ಲರೂ 'ಲೀಸ್' ಅನ್ನೋದು. ಮಾಲೀಕರಿಗೆ 5 ಲಕ್ಷ ಕೊಟ್ಟು ಮನೆಗೆ ಹೋಗ್ತೀರಿ. ಹಣಕ್ಕೆ ಬಡ್ಡಿ ಇಲ್ಲ, ಮನೆಗೆ ಬಾಡಿಗೆ ಇಲ್ಲ. ಬಿಡುವಾಗ ದುಡ್ಡು ವಾಪಸ್. ಅದೇ ದುಡ್ಡು ಬ್ಯಾಂಕಿನಲ್ಲಿ ಶೇ. 7ರ ಬಡ್ಡಿಗೆ ಇದ್ದಿದ್ದರೆ ತಿಂಗಳಿಗೆ ಸುಮಾರು 2,900 ರೂಪಾಯಿ ಬರ್ತಿತ್ತು. ಅದೇ ನಿಮ್ಮ ನಿಜವಾದ ಬಾಡಿಗೆ.

ಈ ಲೆಕ್ಕ ಹೊಸದೇನಲ್ಲ. ಕಲ್ಯಾಣದಲ್ಲಿ, ಅಂದ್ರೆ ಇಂದಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ನಮ್ಮ ಕೋಗಳಿ ನಾಡು ಕೂಡ ಆಗ ಕಲ್ಯಾಣದ ಚಾಲುಕ್ಯರ ಕೈಯಲ್ಲೇ ಇತ್ತು. ಅದೇ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಅನ್ನೋ ವ್ಯಾಖ್ಯಾನ ಬರೆದ. ಅಲ್ಲಿ ಅಡವು ಎರಡು ಬಗೆ. ಒಂದು, ಬರೀ ಕಾಪಾಡಿ ಇಡೋದು. ಇನ್ನೊಂದು, ಸಾಲ ಕೊಟ್ಟವನು ಬಳಸಿ ಅದರ ಫಲ ಉಣ್ಣೋದು. ಇದೇ ಭೋಗ್ಯ. ಮೊದಲನೇ ಬಗೆಯಲ್ಲಿ ಸಾಲ ಬೆಳೆದು ಎರಡರಷ್ಟಾದರೆ ಅಡವಿಟ್ಟ ವಸ್ತು ಕೈತಪ್ಪಬಹುದು. ಫಲ ಉಣ್ಣೋ ಅಡವು ಮಾತ್ರ ಹಾಗೆ ಕೈತಪ್ಪಲ್ಲ.

ಮುಂದೆ ಬ್ರಿಟಿಷರು ಬಂದರು. ನಮ್ಮ ಈ ಊರುಗಳೆಲ್ಲ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಮೈಸೂರು ರಾಜ್ಯಕ್ಕೆ ಬಂದಿದ್ದು 1953ರ ಅಕ್ಟೋಬರ್ 1ಕ್ಕೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಭೋಗ್ಯವನ್ನ ಅಡಮಾನದ ಒಂದು ಬಗೆ ಅಂತಲೇ ಒಪ್ಪಿಕೊಂಡಿತು. ಜೊತೆಗೆ ಒಂದು ಷರತ್ತು ಹಾಕಿತು: ಇಂಥ ಅಡಮಾನ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನದಾದರೆ ನೋಂದಣಿ ಆಗಬೇಕು, ಇಬ್ಬರು ಸಾಕ್ಷಿ ಬೇಕು.

2014ರಲ್ಲಿ ಸುಪ್ರೀಂ ಕೋರ್ಟ್ ಸಿಂಗ್ ರಾಮ್ ಪ್ರಕರಣದಲ್ಲಿ ಏನು ಹೇಳಿತು ಗೊತ್ತಾ? ಭೋಗ್ಯಕ್ಕೆ ಕೊಟ್ಟು 30 ವರ್ಷ ಕಳೀತು ಅನ್ನೋ ಒಂದೇ ಕಾರಣಕ್ಕೆ ಮಾಲೀಕನ ಹಕ್ಕು ಹೋಗಲ್ಲ. ಹೆಚ್ಚುಕಡಿಮೆ ಕಲ್ಯಾಣದ ಮಾತೇ!

ಈಗ ಈ ಇತಿಹಾಸವನ್ನ ಇನ್ನೊಂದು ಕಡೆಯಿಂದ ನೋಡಿ. ಉದ್ದಕ್ಕೂ ಕಾನೂನು ಕಾಪಾಡಿದ್ದು ಮನೆ ಕೊಟ್ಟವನನ್ನ. ಸಾಲ ಕೊಡೋ ಸಾಹುಕಾರ ಬಲಿಷ್ಠ, ಮನೆ ಅಡವಿಟ್ಟವನು ಬಡವ ಅನ್ನೋ ಕಾಲದ ನ್ಯಾಯ ಅದು. ಇವತ್ತು ತಲೆಕೆಳಗು. ದುಡ್ಡು ಕೊಡೋದು ಸ್ಟೈಪೆಂಡಿನ ಡಾಕ್ಟರು, ಅದೂ ಅಪ್ಪ ಹೊಲ ಮಾರಿ ಕೊಟ್ಟ ದುಡ್ಡು ಇರಬಹುದು. ಕೈಯಲ್ಲಿ ಇರೋದು 11 ತಿಂಗಳ ಕರಾರಿನ ಒಂದು ಛಾಪಾ ಕಾಗದ. ಮಾಲೀಕರು ಅದೇ ಮನೆ ಮೇಲೆ ಮೊದಲೇ ಬ್ಯಾಂಕ್ ಸಾಲ ಮಾಡಿದ್ದು, ಕಂತು ಕಟ್ಟದಿದ್ದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಕೋರ್ಟಿನಲ್ಲಿ ದಾವೆ ಹೂಡದೇ ಮನೆ ಹರಾಜಿಗೆ ಇಡಬಹುದು. ಆಗ ನಿಮ್ಮ 5 ಲಕ್ಷ ವಾಪಸ್ ಪಡೆಯೋಕೆ ಮಾಲೀಕರ ಹಿಂದೆ ನೀವೇ ಅಲೀಬೇಕು.

ಹಾಗಂತ ಹೋಮ್ ಲೋನ್ ತಗೊಳ್ಳೋದಾ? 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90ರವರೆಗೆ ಕೊಡಬಹುದು ಅನ್ನುತ್ತೆ ರಿಸರ್ವ್ ಬ್ಯಾಂಕ್. ಆದರೆ ಮೂರು ವರ್ಷ ಇರೋ ಊರಿಗೆ ಇಪ್ಪತ್ತು ವರ್ಷದ ಕಂತು ಯಾಕೆ? ಬೇಕೇ ಬೇಕು ಅಂದ್ರೂ ಸ್ಟೈಪೆಂಡ್ ಒಂದನ್ನೇ ನಂಬಿ ದೊಡ್ಡ ಸಾಲ ಸಿಗೋದು ಕಷ್ಟ. ಅಪ್ಪನೋ ಅಮ್ಮನೋ ಜೊತೆ ಸಹಿ ಹಾಕಬೇಕಾಗುತ್ತೆ.

ಭೋಗ್ಯವೇ ಸರಿ ಅನ್ನಿಸಿದರೆ ಮೂರು ಕೆಲಸ ಮಾಡಿ. ಸಬ್‌ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ, ಅಂದ್ರೆ ಇಸಿ ತೆಗೆಸಿ. ಬ್ಯಾಂಕ್ ಅಡಮಾನಗಳ ಕೇಂದ್ರ ದಾಖಲೆ 'ಸರ್ಸಾಯ್' 2011ರಿಂದ ಇದೆ, ಶುಲ್ಕ ಕಟ್ಟಿ ಅಲ್ಲೂ ಹುಡುಕಿ. ಆಮೇಲೆ ಪತ್ರ ನೋಂದಣಿ ಮಾಡಿಸಿ. ಖರ್ಚು ಬರುತ್ತೆ ಅಂತ ಮಾಲೀಕರು ಗೊಣಗಬಹುದು. ನೋಂದಣಿನೇ ಬೇಡ ಅಂದ್ರೆ, ಆ ಮನೆ ಬಿಟ್ಟು ಬಾಡಿಗೆ ಮನೆ ಹುಡುಕಿ.