ನಾಸಿಕ ಮತ್ತು ಛತ್ರಪತಿ ಸಂಭಾಜಿನಗರದ ಕೈಗಾರಿಕೆಗಳಿಗೆ ಸಮಾನ ಪದಕೋಶ: ವರ್ಗಸಂಖ್ಯೆಯಿಂದ ಗುಣಲಕ್ಷಣದ ಕಡೆಗೆ

ನಾಸಿಕದ ಸಾತಪುರ, ಅಂಬಡ್ ಹಾಗೂ ಛತ್ರಪತಿ ಸಂಭಾಜಿನಗರದ ಚಿಕಲಠಾಣಾ, ವಾಳೂಜ್ ಎಂಐಡಿಸಿ ಕೈಗಾರಿಕಾ ವಸಾಹತುಗಳ ಯಂತ್ರೋದ್ಯಮ ಬೆಳೆದದ್ದು ದೊಡ್ಡ ಕಾರ್ಖಾನೆಗಳ ಆಸರೆಯಲ್ಲಿ. ನಾಸಿಕದಲ್ಲಿ ಮಹೀಂದ್ರ ಮತ್ತು ಬಾಷ್. ಛತ್ರಪತಿ ಸಂಭಾಜಿನಗರದಲ್ಲಿ 1985ರಿಂದ ಬಜಾಜ್ ಆಟೊ. ಇವುಗಳ ಸುತ್ತ ಟರ್ನಿಂಗ್, ಫೋರ್ಜಿಂಗ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಮಾಡುವ ಸಣ್ಣ ಘಟಕಗಳು ಹಬ್ಬಿದವು. ಒಬ್ಬನೇ ಗ್ರಾಹಕನಿಗೆ ದುಡಿಯುವವರೆಗೆ ಅವನು ಕೊಟ್ಟ ಪಾರ್ಟ್ ನಂಬರೇ ಸಾಕು. ಗುರುತಿಲ್ಲದ ಗ್ರಾಹಕ ಆನ್‌ಲೈನ್‌ನಲ್ಲಿ ದರ ಕೇಳಿದಾಗ ಸಮಾನ ಹೆಸರುಗಳಿಲ್ಲದ ತೊಡಕು ಎದ್ದು ಕಾಣುತ್ತದೆ.

ಶಾಫ್ಟ್‌ಗೆ ಬಳಸುವ ಮಧ್ಯಮ ಇಂಗಾಲದ ಉಕ್ಕನ್ನೇ ನೋಡೋಣ. ಹಳೆಯ ಬ್ರಿಟಿಷ್ ರೂಢಿಯಲ್ಲಿ ಇಎನ್8, ಜರ್ಮನ್ ಡ್ರಾಯಿಂಗ್‌ನಲ್ಲಿ ಸಿ45, ಜಪಾನಿನದರಲ್ಲಿ ಎಸ್45ಸಿ, ಭಾರತೀಯ ಮಾನಕದಲ್ಲಿ 45ಸಿ8. ಒಂದಿಲ್ಲದಿದ್ದರೆ ಇನ್ನೊಂದು ಎಂಬ ವ್ಯವಹಾರ ಸಾಮಾನ್ಯ. ಆದರೆ ಇಎನ್8ರಲ್ಲಿ ಇಂಗಾಲ ಸುಮಾರು 0.36ರಿಂದ 0.44%, ಸಿ45ರಲ್ಲಿ 0.42ರಿಂದ 0.50%. ಇಂಡಕ್ಷನ್ ಹಾರ್ಡನಿಂಗ್ ಆದ ಮೇಲೆ ಮೇಲ್ಮೈಗೆ ಬರುವ ಗಡಸುತನ ಬಹುಮಟ್ಟಿಗೆ ಈ ಇಂಗಾಲದ್ದೇ ಕೊಡುಗೆ. 0.37% ಇಂಗಾಲದ ಸರಳು ಇಎನ್8 ಎನಿಸಿಕೊಳ್ಳಲು ಅರ್ಹ. ಸಿ45 ಕೇಳಿದ ಡ್ರಾಯಿಂಗ್‌ಗೆ ಅದು ಸಲ್ಲದು. ಹೀಗಾಗಿ ಎರಡು ಹೆಸರುಗಳ ನಡುವೆ ಸಮಚಿಹ್ನೆ ಹಾಕಿದ ಕೋಷ್ಟಕವನ್ನು ಪದಕೋಶ ಎನ್ನಲಾಗದು. ಅದು ರಿಜೆಕ್ಷನ್‌ಗೆ ದಾರಿ. ಹೆಸರಿನ ಜೊತೆಗೆ ರಾಸಾಯನಿಕ ಮಿತಿ, ಹೀಟ್ ಟ್ರೀಟ್‌ಮೆಂಟಿನ ಸ್ಥಿತಿ, ಪರೀಕ್ಷೆಯ ವಿಧಾನ ಇರಬೇಕು. ‘ಹತ್ತಿರದ್ದು, ಆದರೆ ಅದೇ ಅಲ್ಲ’ ಎಂಬ ಸಂಬಂಧವನ್ನು ದಾಖಲಿಸಲು ಪ್ರತ್ಯೇಕ ಸ್ಥಾನವೂ ಇರಬೇಕು.

ಹಾಗಾದರೆ ಸಮಾನ ಭಾಷೆ ಇಲ್ಲವೇ ಇಲ್ಲವೆ? ತೆರಿಗೆಯ ಮಟ್ಟಿಗೆ ಇದೆ. 2017ರ ಜಿಎಸ್‌ಟಿ ಎಚ್‌ಎಸ್‌ಎನ್ ಎಂಬ ಸರಕು ವರ್ಗಸಂಖ್ಯೆಯನ್ನು ಸಣ್ಣ ವರ್ಕ್‌ಶಾಪಿನ ಬಿಲ್ಲಿಗೂ ತಲುಪಿಸಿತು. 2020ರ ಅಕ್ಟೋಬರ್‌ನಲ್ಲಿ ಆರಂಭವಾದ ಇ-ಇನ್‌ವಾಯ್ಸ್ ಬಿಲ್ಲಿನ ರಚನೆಯನ್ನೂ ಏಕರೂಪಗೊಳಿಸಿತು. ಆದರೆ ಮೂಲತಃ ಸುಂಕಕ್ಕಾಗಿ ಹುಟ್ಟಿದ ಈ ವರ್ಗೀಕರಣದಲ್ಲಿ ಬೋಲ್ಟ್, ನಟ್, ರಿವೆಟ್, ವಾಷರ್ ಎಲ್ಲ 7318 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ಬೋಲ್ಟ್ ಎಂ12 ಅಳತೆಯದೆ, 8.8 ದರ್ಜೆಯದೆ, ಲೇಪನ ಯಾವುದು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಗುಣಲಕ್ಷಣದ ಹಾದಿಯಲ್ಲಿ ಬಹಳ ಮುಂದೆ ಹೋದದ್ದು 2000ದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಇಕ್ಲಾಸ್ ಎಂಬ ಸರಕು ವರ್ಗೀಕರಣ ಮಾನಕ. ಅದರಲ್ಲಿ ಪ್ರತಿ ಗುಣಕ್ಕೂ ಭಾಷೆಗೆ ಅಂಟಿಕೊಳ್ಳದ ಗುರುತುಸಂಖ್ಯೆಯಿದೆ. ಹೆಸರುಗಳು ಅದಕ್ಕೆ ತಗುಲಿಸಿದ ಚೀಟಿಗಳು ಮಾತ್ರ. ಮರಾಠಿ, ಕನ್ನಡ ಹೆಸರುಗಳನ್ನೂ ಇದೇ ವಿಧಾನದಲ್ಲಿ ಸೇರಿಸಬಹುದು. ಆದರೆ ಅದು ಕ್ಯಾಟಲಾಗಿನಲ್ಲಿ ಮಾರುವ ಸರಕಿಗೆ ಒಪ್ಪುವ ಚೌಕಟ್ಟು. ಜಾಬ್ ವರ್ಕ್ ಘಟಕ ಮಾರುವುದು ಸರಕನ್ನಲ್ಲ, ಸಾಮರ್ಥ್ಯವನ್ನು: ಎಷ್ಟು ವ್ಯಾಸ ತಿರುಗಿಸಬಲ್ಲದು, ಎಷ್ಟು ಮೈಕ್ರಾನ್ ನಿಖರತೆಯನ್ನು ಸಾವಿರ ಬಿಡಿಭಾಗಗಳವರೆಗೆ ಹಿಡಿದಿಡಬಲ್ಲದು, ಯಾವುದರಿಂದ ಅಳೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಎರಡು ನಗರಗಳು ಸ್ವಂತವಾಗಿ ಕಟ್ಟಬೇಕಾದದ್ದು ಈ ಭಾಗವನ್ನೇ. ಉಳಿದದ್ದನ್ನು ಎರವಲು ತಂದರೆ ಸಾಕು. ಉದಾಹರಣೆಗೆ, ಬೆಂಗಳೂರಿನಲ್ಲಿ ರೂಪುಗೊಂಡು ಒಎನ್‌ಡಿಸಿ ಎಂಬ ಮುಕ್ತ ಡಿಜಿಟಲ್ ವಾಣಿಜ್ಯ ಜಾಲಕ್ಕೆ ಆಧಾರವಾದ ಬೆಕ್ನ್ ಪ್ರೋಟೊಕಾಲ್ ಹುಡುಕಾಟ, ಆರ್ಡರ್, ಪೂರೈಕೆಯ ಸಂದೇಶಗಳನ್ನು ಏಕರೂಪಗೊಳಿಸುತ್ತದೆ. ಆ ಸಂದೇಶಗಳೊಳಗಿನ ವಿಷಯವನ್ನು ಆಯಾ ಕ್ಷೇತ್ರವೇ ನಿರ್ಧರಿಸಿಕೊಳ್ಳಬೇಕು.

ಇದು ಕರ್ನಾಟಕಕ್ಕೂ ಸೇರಿದ ಮಾತು. ಬಾಷ್‌ನ ಭಾರತೀಯ ಘಟಕ ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೊ ಆಗಿ ಬೇರೂರಿದ್ದು; ನಾಸಿಕದ ಬಳಿ ಓಝರ್‌ನಲ್ಲಿರುವುದು ಬೆಂಗಳೂರು ಮೂಲದ ಎಚ್‌ಎಎಲ್‌ನ ವಿಭಾಗ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಛತ್ರಪತಿ ಸಂಭಾಜಿನಗರದಲ್ಲಿ ಕಾರ್ಖಾನೆ ಕಟ್ಟಲು 2024ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಪೀಣ್ಯದ ಘಟಕವೂ ವಾಳೂಜಿನ ಘಟಕವೂ ಒಂದೇ ಡ್ರಾಯಿಂಗ್‌ಗೆ ದರ ಹೇಳುವ ಸಂದರ್ಭ ಹೆಚ್ಚಲಿದೆ.

ಪದಕೋಶದ ಒಡೆತನ ದೊಡ್ಡ ಖರೀದಿದಾರನ ಕೈಗೆ ಹೋಗಬಾರದು; ಹೋದರೆ ಸಣ್ಣ ಘಟಕ ಮತ್ತೆ ಅವನ ಪಾರ್ಟ್ ನಂಬರಿಗೇ ಕಟ್ಟುಬೀಳುತ್ತದೆ. ನಾಸಿಕ್ ಎಂಜಿನಿಯರಿಂಗ್ ಕ್ಲಸ್ಟರ್ ಮತ್ತು ವಾಳೂಜಿನ ಮರಾಠವಾಡಾ ಆಟೊ ಕ್ಲಸ್ಟರ್ ಈ ಒಡೆತನಕ್ಕೆ ತಕ್ಕ ಸಂಸ್ಥೆಗಳು. ಕೆಲಸವನ್ನು ಶಾಫ್ಟ್ ಮತ್ತು ಫಾಸ್ಟನರ್‌ಗಳಿಂದ, ಸಣ್ಣ ಘಟಕಗಳ ಫೈಲುಗಳಲ್ಲಿ ಈಗಾಗಲೇ ಇರುವ ಪರೀಕ್ಷಾ ಪ್ರಮಾಣಪತ್ರಗಳನ್ನೇ ಆಧಾರವಾಗಿಟ್ಟುಕೊಂಡು ಆರಂಭಿಸಬಹುದು.