ಡರ್ಟ್ ಬೈಕಿನ ಮೊದಲ ಮೆಕ್ಯಾನಿಕ್ ಅದರ ಮಾಲೀಕ

ಶೋರೂಮಿನಲ್ಲಿ ನಿಂತಿರುವ ಡರ್ಟ್ ಬೈಕನ್ನು ನೋಡಿದವರಿಗೆ, ಇದು ಕಂಪನಿಯ ಎಂಜಿನಿಯರುಗಳು ಕಾಗದದ ಮೇಲೆ ಗೆರೆ ಎಳೆದು ಹುಟ್ಟಿಸಿದ ಯಂತ್ರ ಎನ್ನಿಸುವುದು ಸಹಜ. ಟೈರಿನಿಂದ ಗೇಣುದ್ದ ಮೇಲಿರುವ ಮಡ್‌ಗಾರ್ಡ್, ಅಗಲವಾದ ಹ್ಯಾಂಡಲ್, ಎಂಜಿನ್ನಿನ ಅಡಿಗೆ ಕಟ್ಟಿದ ತಗಡು, ಗಂಟುಗಂಟಾದ ಟೈರು, ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ಕೂತಿರುತ್ತವೆ. ಆದರೆ ಇವುಗಳಲ್ಲಿ ಬಹುಪಾಲು ಮೊದಲು ಕಾಣಿಸಿಕೊಂಡದ್ದು ರಸ್ತೆಗೆಂದು ಮಾಡಿದ ಬೈಕನ್ನು ಮಣ್ಣಿಗಿಳಿಸಿ, ಅದು ಮುರಿದಾಗ ತಾವೇ ಸ್ಪಾನರ್ ಹಿಡಿದು ಕೂತ ಮಾಲೀಕರ ಶೆಡ್ಡುಗಳಲ್ಲಿ. ಹಳೆಯದೊಂದು ಡರ್ಟ್ ಬೈಕ್ ಕೊಂಡು ಮನೆಗೆ ತಂದ ಹೊಸಬರಿಗೆ ಇವತ್ತು ಎರಡು ಬಗೆಯ ಬುದ್ಧಿವಾದ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡ ಎಂಬುದು ಒಂದು. ಮೊದಲು ಸೈಲೆನ್ಸರ್ ಕಿತ್ತುಹಾಕು, ದೊಡ್ಡ ಕಾರ್ಬೊರೇಟರ್ ಕೂರಿಸು ಎಂಬುದು ಇನ್ನೊಂದು. ಈ ಯಂತ್ರದ ಚರಿತ್ರೆ ಎರಡನ್ನೂ ಒಪ್ಪುವುದಿಲ್ಲ. ಮಾಲೀಕನ ಕೈ ತಾಗದೆ ಇದ್ದಿದ್ದರೆ ಡರ್ಟ್ ಬೈಕ್ ಹುಟ್ಟುತ್ತಲೇ ಇರಲಿಲ್ಲ. ಆದರೆ ಆ ಕೈಗಳು ಮಾಡಿದ ಬದಲಾವಣೆಗಳಲ್ಲಿ ಬಾಳಿಕೆ ಬಂದವು ರಿಪೇರಿಯಿಂದ ಶುರುವಾದವು, ಎಂಜಿನ್ನಿನ ಒಳಕ್ಕೆ ಕೈ ಹೋದದ್ದು ಕೊನೆಗೆ. ಆ ಕ್ರಮ ಹೊಸಬರಿಗೆ ಈಗಲೂ ಸರಿ ಎಂಬುದು ನನ್ನ ವಾದ.

1924ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದ ಕ್ಯಾಂಬರ್ಲಿಯ ಬೋರೆಗಳಲ್ಲಿ ನಡೆದ ಪಂದ್ಯವನ್ನು ಮೊದಲ ಸ್ಕ್ರ್ಯಾಂಬಲ್, ಅಂದರೆ ಮಣ್ಣಿನ ಬೈಕ್ ಪಂದ್ಯ, ಎಂದು ಎಣಿಸುತ್ತಾರೆ. ಅಲ್ಲಿಗೆ ಬಂದ ಬೈಕುಗಳು ರಸ್ತೆಯ ಬೈಕುಗಳೇ, ಬೇರೆ ಬಗೆಯವು ಇರಲೇ ಇಲ್ಲ. ಮಣ್ಣಿನ ಪಂದ್ಯವು ಮುಂದೆ ಮೋಟೋಕ್ರಾಸ್ ಎಂಬ ಹೆಸರಿನಲ್ಲಿ ಯೂರೋಪಿನ ತುಂಬ ಹಬ್ಬಿ, 1957ರಲ್ಲಿ 500 ಸಿಸಿ ವರ್ಗಕ್ಕೆ ವಿಶ್ವ ಚಾಂಪಿಯನ್‌ಷಿಪ್ಪೂ ಬಂತು. ಆ ಹೊತ್ತಿಗೂ ಒಳ್ಳೆಯ ಸವಾರರಲ್ಲಿ ಹಲವರು ಓಡಿಸುತ್ತಿದ್ದದ್ದು ಕಾರ್ಖಾನೆಯ ಬೈಕನ್ನು ಬಿಚ್ಚಿ ಮತ್ತೆ ಕಟ್ಟಿದ್ದನ್ನು. ಹ್ಯಾಂಪ್‌ಷೈರಿನ ರಿಕ್‌ಮನ್ ಸಹೋದರರು ಟ್ರಯಂಫ್ ಎಂಜಿನ್, ಬಿಎಸ್ಎ ಗೇರ್‌ಬಾಕ್ಸ್, ನಾರ್ಟನ್ ಮುಂಭಾಗದ ಫೋರ್ಕ್ ಸೇರಿಸಿ ಒಂದು ಬೆರಕೆ ಬೈಕು ಕಟ್ಟಿದರು. ಅದು ಗೆದ್ದ ಮೇಲೆ ತಾವೇ ಫ್ರೇಮ್ ಮಾಡಿ ಮೆಟಿಸ್ ಎಂಬ ಹೆಸರಿನಲ್ಲಿ ಮಾರತೊಡಗಿದರು. ಎಸೆಕ್ಸ್ ಪ್ರಾಂತದ ಗ್ರೀವ್ಸ್ ಕಂಪನಿಯ ಕಥೆ ಇನ್ನೂ ಸ್ವಾರಸ್ಯದ್ದು. ಬರ್ಟ್ ಗ್ರೀವ್ಸ್ ಮೊದಲು ಕೈಹಾಕಿದ್ದು ನಡೆಯಲಾಗದ ತನ್ನ ಸೋದರಸಂಬಂಧಿಯ ಗಾಲಿಕುರ್ಚಿಗೆ ಎಂಜಿನ್ ಕೂರಿಸುವ ಕೆಲಸಕ್ಕೆ. ಅಂಗವಿಕಲರ ಆ ಗಾಡಿಗಳಿಗೆ ಬಳಸಿದ ರಬ್ಬರ್ ಸಸ್ಪೆನ್ಷನ್ನೇ ಮುಂದೆ ಅವರ ಬೈಕಿಗೂ ಬಂತು. ಡೇವ್ ಬಿಕರ್ಸ್ ಗ್ರೀವ್ಸ್ ಬೈಕಿನ ಮೇಲೆ 1960 ಮತ್ತು 1961ರಲ್ಲಿ 250 ಸಿಸಿ ಯೂರೋಪಿಯನ್ ಚಾಂಪಿಯನ್ ಆದ.

ಅಮೆರಿಕದಲ್ಲಿ ಇದೇ ಕೆಲಸ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಓಡಿಸಲು ಜನ ಟ್ರಯಂಫ್‌ನಂಥ ಭಾರದ ಬೈಕುಗಳಿಂದ ದೀಪ, ಕನ್ನಡಿ, ತೂಕದ ಮಡ್‌ಗಾರ್ಡುಗಳನ್ನು ಕಿತ್ತರು. ಎಂಜಿನ್ನಿನ ಅಡಿಗೆ ತಗಡು ಬಿಗಿದರು, ಅಗಲದ ಹ್ಯಾಂಡಲ್ ಹಾಕಿದರು, ಧೂಳು ತಡೆಯುವ ದೊಡ್ಡ ಏರ್ ಫಿಲ್ಟರ್ ಕಟ್ಟಿದರು. ಇದರಲ್ಲಿ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಬದಲಾವಣೆ ಒಂದೂ ಇಲ್ಲ ಎಂಬುದನ್ನು ಗಮನಿಸಬೇಕು. ಪ್ರತಿಯೊಂದೂ ಯಾವುದೋ ಒಂದು ರಿಪೇರಿ ಕಲಿಸಿದ ಪಾಠ. ಕಲ್ಲು ಬಡಿದು ಎಂಜಿನ್ ಕೇಸ್ ಒಡೆದವನು ತಗಡು ಕಟ್ಟಿದ, ಮರಳು ನುಗ್ಗಿ ಪಿಸ್ಟನ್ ಸವೆಸಿಕೊಂಡವನು ಫಿಲ್ಟರ್ ಬದಲಿಸಿದ. ಕಾರ್ಖಾನೆಯವರು ಈ ಪಾಠವನ್ನು ಹೇಗೆ ಕಲಿತರು ಎಂಬುದಕ್ಕೆ ಹೋಂಡಾದ ಒಂದು ಉದಾಹರಣೆ ಸಾಕು. ಐಡಾಹೊ ರಾಜ್ಯದ ಬಾಯ್ಸಿ ಊರಿನ ಡೀಲರೊಬ್ಬ ಹೋಂಡಾದ ಪುಟ್ಟ 50 ಸಿಸಿ ಗಾಡಿಯ ಹಿಂದಿನ ಗಾಲಿಗೆ ದೊಡ್ಡ ಸ್ಪ್ರಾಕೆಟ್ಟನ್ನೂ ಗಂಟಿನ ಟೈರನ್ನೂ ಹಾಕಿ ಬೆಟ್ಟ ಹತ್ತುವವರಿಗೆ ಮಾರತೊಡಗಿದ. ಕಂಪನಿಯ ಅಮೆರಿಕದ ಶಾಖೆ ಅದನ್ನು ಕಂಡು ಜಪಾನಿಗೆ ತಿಳಿಸಿತು, ಅದೇ ಮಾದರಿಯಲ್ಲಿ ಟ್ರೇಲ್ 50 ಬಂತು. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಹೆಚ್ಚಿದರೆ ಗಾಲಿಗೆ ಸಿಗುವ ಎಳೆತ ಹೆಚ್ಚುತ್ತದೆ, ಗರಿಷ್ಠ ವೇಗ ಇಳಿಯುತ್ತದೆ. ಚೈನಿಗೆ ಕೆಲವು ಕೊಂಡಿ ಸೇರಿಸಿದರಾಯಿತು. ಯಾವುದನ್ನೂ ಕೊಯ್ಯಬೇಕಿಲ್ಲ, ಬೆಸುಗೆ ಹಾಕಬೇಕಿಲ್ಲ, ಬೇಡವೆನಿಸಿದರೆ ಒಂದು ಸಂಜೆಯಲ್ಲಿ ಹಳೆಯದನ್ನೇ ಹಾಕಿಕೊಳ್ಳಬಹುದು. ಹೊಸಬನಿಗೆ ಇದಕ್ಕಿಂತ ಒಳ್ಳೆಯ ಮೊದಲ ಬದಲಾವಣೆ ನನಗೆ ಕಾಣುವುದಿಲ್ಲ. 1968ರಲ್ಲಿ ಯಮಾಹಾ 250 ಸಿಸಿ ಡಿಟಿ-1 ತಂದಾಗ ಜೊತೆಯಲ್ಲೇ ಜಿವೈಟಿ ಎಂಬ ಕಿಟ್ಟನ್ನೂ ಮಾರಿತು. ಬೇರೆ ಹೆಡ್, ಪಿಸ್ಟನ್, ಕಾರ್ಬೊರೇಟರ್, ಎಕ್ಸಾಸ್ಟ್ ಇದ್ದ ಆ ಪೆಟ್ಟಿಗೆಯ ಅರ್ಥವೇನು? ಕೊಂಡವನು ಬಿಚ್ಚಿಯೇ ಬಿಚ್ಚುತ್ತಾನೆ, ಹಾಗಿದ್ದ ಮೇಲೆ ಒಂದಕ್ಕೊಂದು ಹೊಂದುವ ಭಾಗಗಳನ್ನೇ ಕೊಡೋಣ ಎಂದು ಕಂಪನಿ ಒಪ್ಪಿಕೊಂಡಿತ್ತು.

ಒಂದಕ್ಕೊಂದು ಹೊಂದುವುದು ಎಂಬ ಮಾತೇ ಇಲ್ಲಿ ಮುಖ್ಯ. ಟೂ ಸ್ಟ್ರೋಕ್ ಎಂಜಿನ್ನಿಗೆ ಆ ಕಾಲದ ಮಾಲೀಕರು ಮಾಡಿದ ದೊಡ್ಡ ಅಪಚಾರ ಸೈಲೆನ್ಸರ್ ಕಿತ್ತು ಖಾಲಿ ಪೈಪ್ ಬಿಟ್ಟದ್ದು. ಹೊಗೆ ಸಲೀಸಾಗಿ ಹೋದರೆ ಶಕ್ತಿ ಹೆಚ್ಚುತ್ತದೆ ಎಂಬ ಲೆಕ್ಕ ಅವರದು. ಆದರೆ ಈ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿದಾಗ ಹೊಸ ಪೆಟ್ರೋಲ್ ಗಾಳಿ ಒಳಬರುವ ದಾರಿಯೂ ಹೊಗೆ ಹೊರಹೋಗುವ ದಾರಿಯೂ ಒಟ್ಟಿಗೆ ತೆರೆದಿರುತ್ತವೆ. ಒಳಬಂದದ್ದರಲ್ಲಿ ಒಂದು ಪಾಲು ಸುಡದೆಯೇ ಹೊರಕ್ಕೆ ಜಾರುತ್ತದೆ. ಎಕ್ಸಾಸ್ಟಿನ ಹೊಟ್ಟೆ ಹಿಗ್ಗಿ, ಮುಂದೆ ಆಲಿಕೆಯಂತೆ ಕಿರಿದಾದರೆ ಅಲ್ಲಿಂದ ಒತ್ತಡದ ಅಲೆಯೊಂದು ಹಿಂದಕ್ಕೆ ಬಡಿದು, ಜಾರಿದ್ದನ್ನು ಪೋರ್ಟ್ ಮುಚ್ಚುವ ಮುನ್ನ ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡನ್ 1950ರ ದಶಕದಲ್ಲಿ ಈ ವಿದ್ಯೆಯನ್ನು ಪಳಗಿಸಿದ. ಅವನ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಪಶ್ಚಿಮಕ್ಕೆ ಓಡಿಬಂದು ಸುಜುಕಿ ಸೇರಿದಾಗ ಅದು ಜಪಾನಿಗೂ ಹೋಯಿತು. ಖಾಲಿ ಪೈಪಿನಲ್ಲಿ ಆ ಅಲೆಯೇ ಇಲ್ಲ. ಸದ್ದು ಹೆಚ್ಚಾಯಿತು, ಎಳೆತ ಕುಗ್ಗಿತು. ಎಕ್ಸಾಸ್ಟ್ ಬದಲಿಸಿ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟನ್ನು ಹಾಗೇ ಬಿಟ್ಟವರ ಪಾಡು ಇನ್ನೂ ಕೆಟ್ಟದ್ದು: ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಅದರೊಂದಿಗೆ ಬರಬೇಕಾದ ಆಯಿಲ್ಲೂ ಕಡಿಮೆಯಾಗಿ, ಪಿಸ್ಟನ್ ಕಾದು ಸೀಜ್ ಆಗುತ್ತಿತ್ತು. ಇದನ್ನು ಮೊದಲೇ ಹೇಳುವ ಸಾಕ್ಷಿಯೊಂದು ಪ್ಲಗ್ಗಿನ ತುದಿಯಲ್ಲಿದೆ. ಅದು ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ, ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಮಸಿ ಹಿಡಿದು ಒದ್ದೆಯಾಗಿದ್ದರೆ ಹೆಚ್ಚಾಗಿದೆ. ಪ್ಲಗ್ ಓದಲು ಬರದವನು ಎಕ್ಸಾಸ್ಟಿಗೆ ಕೈಹಾಕಬಾರದು ಎನ್ನುವುದು ಇದಕ್ಕೇ. 1970ರ ದಶಕದ ನಡುವೆ ಸಸ್ಪೆನ್ಷನ್ನಿನಲ್ಲೂ ಇದೇ ಆಯಿತು. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಕಂಡುಹಿಡಿದ ಒಂಟಿ ಶಾಕ್ ಅಬ್ಸಾರ್ಬರ್ ವ್ಯವಸ್ಥೆಯ ಬೈಕಿನಲ್ಲಿ ಯಮಾಹಾದ ಹೊಕನ್ ಆಂಡರ್ಸನ್ 1973ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದ. ಚಕ್ರ ಹೆಚ್ಚು ಮೇಲೆ ಕೆಳಗೆ ಆಡಿದಷ್ಟೂ ಲಾಭ ಎಂದು ಕಂಡ ಮಾಲೀಕರು ಶಾಕ್‌ಗಳ ಹಿಡಿತವನ್ನು ಕೊಯ್ದು ಮುಂದಕ್ಕೆ ಬೆಸೆದರು. ಯೋಚನೆ ಸರಿಯಿತ್ತು, ಕಾರ್ಖಾನೆಗಳೂ ಅದೇ ದಾರಿ ಹಿಡಿದವು. ಆದರೆ ಆ ಭಾರ ಹೊರಲು ಮಾಡಿರದ ಫ್ರೇಮು ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತಿತ್ತು.

ನಮ್ಮ ನೆಲಕ್ಕೂ ಈ ಚರಿತ್ರೆಗೂ ನೇರ ನಂಟಿದೆ. 1960ರ ದಶಕದಲ್ಲಿ ಬ್ರಿಟಿಷರ ಫೋರ್ ಸ್ಟ್ರೋಕ್ ಬೈಕುಗಳನ್ನು ಮಣ್ಣಿನಲ್ಲಿ ಸೋಲಿಸಿದ್ದು ಚೆಕೊಸ್ಲೊವಾಕಿಯದ ಟೂ ಸ್ಟ್ರೋಕ್ ಸಿಝಡ್. ಜೋಯೆಲ್ ರೊಬೆರ್ 1964ರಲ್ಲಿ 250 ಸಿಸಿ ಪಟ್ಟವನ್ನೂ, ಪೌಲ್ ಫ್ರೀಡ್ರಿಕ್ಸ್ 1966ರಲ್ಲಿ 500 ಸಿಸಿ ಪಟ್ಟವನ್ನೂ ಗೆದ್ದದ್ದು ಅದರ ಮೇಲೆ. ಅದೇ ದೇಶದ ಸೋದರ ಸಂಸ್ಥೆಯ ಜಾವಾ ಬೈಕು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು, 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಪಡೆಯಿತು. ವಿದೇಶಿ ಬೈಕು ತರಿಸುವುದು ಆಮದು ನಿರ್ಬಂಧಗಳಿಂದ ಸಾಮಾನ್ಯರ ಕೈಗೆ ಎಟುಕದಿದ್ದ ಆ ಕಾಲದಲ್ಲಿ ಮಣ್ಣಿನ ಪಂದ್ಯದ ಆಸೆಯಿದ್ದವರು ಮನೆಯ ಬೈಕನ್ನೇ ಹಗುರ ಮಾಡಿಕೊಂಡು ಹೊರಟರು. ಕಲಿಯಲು ಯೆಜ್ಡಿಯಂಥ ಮೇಷ್ಟ್ರು ಅಪರೂಪ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ವಾಲ್ವ್ ಇಲ್ಲ, ಕಿಕ್ಕೂ ಗೇರೂ ಒಂದೇ ಲಿವರ್. ಹೆಡ್ ಬಿಚ್ಚಿ, ಎಕ್ಸಾಸ್ಟ್ ಪೋರ್ಟಿನಲ್ಲಿ ಗಟ್ಟಿಯಾದ ಕಾರ್ಬನ್ ಕೆರೆದು, ಪಾಯಿಂಟ್ ಅಂತರ ಸರಿಮಾಡಿ, ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸಿದರೆ ಬೈಕು ಹೊಸತರಂತೆ ಓಡುತ್ತಿತ್ತು. ಬಿಡಿಭಾಗ ಸಿಗದಿದ್ದರೆ ಗುಜರಿ ಅಂಗಡಿ, ಇಲ್ಲವಾದರೆ ಲೇತ್ ಅಂಗಡಿ. ಕೊರತೆ ಒಳ್ಳೆಯದು ಎಂದು ಹೇಳುತ್ತಿಲ್ಲ; ಆದರೆ ಇದ್ದ ಭಾಗವನ್ನೇ ಉಳಿಸಿಕೊಳ್ಳಬೇಕಾದ ಒತ್ತಾಯ ರಿಪೇರಿಯನ್ನು ಮುಂದೆ, ಬದಲಾವಣೆಯನ್ನು ಹಿಂದೆ ಇಟ್ಟಿತು ಎಂಬುದು ನಿಜ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ರಿಕ್‌ಮನ್ ಸಹೋದರರು ಪಳಗಿದ ಸವಾರರು, ಟಿಲ್ಕೆನ್ಸ್ ಎಂಜಿನಿಯರ್, ಬಾಯ್ಸಿಯವನು ಡೀಲರ್. ಇವರನ್ನು ಅನನುಭವಿಗಳ ಸಾಲಿಗೆ ಸೇರಿಸುವುದು ಹೇಗೆ? ಸೇರಿಸಲಾಗದು. ಆದರೆ ಇವರಲ್ಲಿ ಯಾರೂ ಡರ್ಟ್ ಬೈಕ್ ಮಾಡುವುದನ್ನು ಎಲ್ಲೂ ಓದಿ ಬಂದವರಲ್ಲ, ಕಲಿಸುವವರೇ ಇರಲಿಲ್ಲ. ಬೇರೆ ಕಸುಬಿನ ಬುದ್ಧಿಯನ್ನು ಮುರಿದ ಯಂತ್ರದ ಮುಂದೆ ಬಳಸಿದರು. ಹೆಸರು ಉಳಿದದ್ದು ಇವರದಾದರೂ, ಅವರ ಫ್ರೇಮು, ಕಿಟ್ಟುಗಳನ್ನು ಕೊಂಡು ಮನೆಯಲ್ಲಿ ಜೋಡಿಸಿ, ಎಲ್ಲಿ ಸಡಿಲ, ಎಲ್ಲಿ ಮುರಿಯುತ್ತದೆ ಎಂದು ತೋರಿಸಿಕೊಟ್ಟವರು ಹೆಸರಿಲ್ಲದ ಸಾವಿರಾರು ಹವ್ಯಾಸಿಗಳು. 1973ರಲ್ಲಿ ಹೋಂಡಾ ಎಲ್ಸಿನೋರ್ ಬಂದು, ಪೆಟ್ಟಿಗೆಯಿಂದ ತೆಗೆದ ಬೈಕೇ ಪಂದ್ಯಕ್ಕೆ ಸಿದ್ಧ ಎನ್ನುವ ಕಾಲ ಶುರುವಾದದ್ದು ಆ ಅನುಭವವೆಲ್ಲ ಕೂಡಿದ ಮೇಲೆ.

ಎರಡನೆಯ ಆಕ್ಷೇಪ ಕಾನೂನಿನದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಣೆಗೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿತು. ರಸ್ತೆಯಲ್ಲಿ ಓಡುವ ಬೈಕಿನ ಮಟ್ಟಿಗೆ ಇದು ಸರಿಯಾದ ಕಾನೂನು. ಸೈಲೆನ್ಸರ್ ಸೀಳಿ ಬೀದಿಯ ನಿದ್ದೆ ಕೆಡಿಸುವವರ ಪರ ವಹಿಸಲು ನನ್ನಲ್ಲಿ ಮಾತಿಲ್ಲ. ಆದರೆ ಕಾನೂನು ತಡೆಯುವುದು ಬದಲಾವಣೆಯನ್ನು. ಚೈನ್ ಬಿಗಿ ಮಾಡುವುದನ್ನು, ಫಿಲ್ಟರ್ ತೊಳೆದು ಆಯಿಲ್ ಹಚ್ಚುವುದನ್ನು, ಸವೆದ ಬ್ರೇಕ್ ಬದಲಿಸುವುದನ್ನು ಅದು ತಡೆಯುವುದಿಲ್ಲ. ಹೊಸಬನ ಕಲಿಕೆಯ ಮೊದಲ ವರ್ಷಕ್ಕೆ ಅಷ್ಟೇ ಸಾಕಷ್ಟಾಯಿತು. ಮಿಕ್ಕ ಪ್ರಯೋಗಗಳು ರಸ್ತೆಗಿಳಿಯದ ಪಂದ್ಯದ ಬೈಕಿಗೆ. ಈಗಿನ ಬೈಕುಗಳಲ್ಲಿ ಪೆಟ್ರೋಲ್ ಅಳೆಯುವುದು ಕಂಪ್ಯೂಟರ್, ಅಲ್ಲಿ ಮಾಲೀಕನಿಗೆ ಕೆಲಸವಿಲ್ಲ ಎನ್ನುವವರೂ ಇದ್ದಾರೆ. ಸ್ಪೋಕಿನ ಬಿಗಿ, ಬೇರಿಂಗಿನ ಸಡಿಲ, ಫಿಲ್ಟರಿನ ಧೂಳು ಕಂಪ್ಯೂಟರಿಗೆ ಕಾಣುವುದಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯರಾದರು. ಆ ರ‍್ಯಾಲಿಯಲ್ಲಿ ದಾರಿ ನಡುವೆ ಬೈಕು ಕೆಟ್ಟರೆ ಇಂದಿಗೂ ಸವಾರನೇ ಕೂತು ಸರಿಮಾಡಬೇಕು.

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಯ ಬೈಕುಗಳ ಮೇಲೆ ಕೈ ಪಳಗಿಸಿಕೊಂಡು ಮಣ್ಣಿಗಿಳಿದವರಲ್ಲಿ ಅನೇಕರು ಈಗ ವಯಸ್ಸಾದವರು. ಯಾವ ಜೆಟ್ ಹಾಕಿದರು, ಯಾವ ಸ್ಪ್ರಾಕೆಟ್ ಕೂರಿಸಿದರು, ಫ್ರೇಮ್ ಎಲ್ಲಿ ಬಿರುಕು ಬಿಟ್ಟಿತು, ಅದಕ್ಕೆ ಏನು ಮಾಡಿದರು ಎಂಬುದು ಅವರ ನೆನಪಿನಲ್ಲಿದೆ. ಜಾವಾ ಯೆಜ್ಡಿ ಕ್ಲಬ್ಬುಗಳವರು ಬೈಕಿಗೆ ಬಣ್ಣ ಹೊಡೆಸಿ ಮೆರವಣಿಗೆ ಮಾಡುವುದರ ಜೊತೆಗೆ ಅವರನ್ನು ಕೂರಿಸಿಕೊಂಡು ಇದನ್ನು ಕನ್ನಡದಲ್ಲಿ ಬರೆದಿಡಬೇಕು, ಮೊದಲ ಬಾರಿಗೆ ಸ್ಪಾನರ್ ಹಿಡಿಯುವವರ ಕೈಗೆ ಅದು ಸಿಗುವಂತೆ ಮಾಡಬೇಕು.